ಬೀಗರ ಮುಂದೆ ಬೀಗಲು ಹೋದ ಮೆಂತೈಕೊ

ನಾನು ಗಂಡಸು! ಅದರಲ್ಲೂ ಜಪಾನಿನ ಹಕಾತಾದ ಗಂಡಸು! ಬಂದರಿನ ಉಪ್ಪುಗಾಳಿ ಕುಡಿದು, ಮೆಂತೈಕೊ ತಿಂದು ಬೆಳೆದ ದೇಹ ಇದು! ಆದ್ದರಿಂದ, "ನಮ್ಮ ಮನೆಗೆ ಬರುವ ಬೀಗರ ತಟ್ಟೆಗೆ ಬೀಳುವ ಮೆಂತೈಕೊ ಈ ಮುನಕತಾ ಕಿಯೋಟಕನ ಸ್ವಹಸ್ತದಿಂದಲೇ ತಯಾರಾಗತಕ್ಕದ್ದು!" ಎಂದು ಊಟದ ಮೇಜು ಗುದ್ದಿ ಘೋಷಿಸಿದೆ. ಗುದ್ದಿದ ರಭಸಕ್ಕೆ ಸಾರಿನ ಬಟ್ಟಲು ಹಾರಿ ನನ್ನ ತೊಡೆಯ ಮೇಲೆ ಬಿತ್ತು. ಐತಿಹಾಸಿಕ ಘೋಷಣೆ ಮಾಡುವವರು ಸಾರನ್ನು ಸ್ವಲ್ಪ ದೂರ ಇಟ್ಟುಕೊಳ್ಳಬೇಕು.

ಮೆಂತೈಕೊ ಎಂದ ತಕ್ಷಣ ಮೆಂತ್ಯವೆಂದುಕೊಂಡು ದೋಸೆಹಿಟ್ಟಿಗೆ ನೆನೆಹಾಕಲು ಓಡಬೇಡಿ. ಇದು ಮೀನಿನ ಮೊಟ್ಟೆ. ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಪೊರೆಯ ಚೀಲ, ಅದರೊಳಗೆ ಲಕ್ಷಾಂತರ ಮೊಟ್ಟೆ. ಚೀಲ ಒಡೆಯದ ಹಾಗೆ ಉಪ್ಪಿನಲ್ಲಿ ಮಲಗಿಸಿ, ಮೆಣಸಿನ ರಸದಲ್ಲಿ ಮುಳುಗಿಸಿ ತೆಗೆದರೆ ಅದೇ ಮೆಂತೈಕೊ. ಬಿಸಿ ಅನ್ನದ ಮೇಲೆ ಒಂದು ತುಂಡು ಬಿತ್ತೆಂದರೆ ಹಕಾತಾದವನು ಸಾಲ, ಸಂಬಳ, ಸಂಸಾರ ಮೂರನ್ನೂ ಮರೆಯುತ್ತಾನೆ.

ಘೋಷಣೆಗೆ ಕಾರಣ ನನ್ನ ಮಗಳು ಚಿಹಾರು. ಅದಕ್ಕೆ ಸ್ವಲ್ಪ ಮುಂಚೆ, "ಅಪ್ಪಾ, ಸೋಯಾ ಸಾಸ್ ಕೊಡು, ನಾನು ಮದುವೆ ಆಗ್ತಿದೀನಿ" ಎಂದು ಒಂದೇ ಉಸಿರಿನಲ್ಲಿ ಹೇಳಿದ್ದಳು. ನಾನು ಸೋಯಾ ಸಾಸ್ ಕೊಟ್ಟೆ. ಆಮೇಲೆ ನನಗೆ ಆಘಾತವಾಯಿತು.

"ಯಾ... ಯಾರನ್ನ?"

"ಜೇಹ್ವಾನ್‌ನ. ನಮ್ಮ ಆಫೀಸಲ್ಲೇ ಇದಾನೆ. ಊರು ಬುಸಾನ್."

"ಬುಸಾನ್! ಅಂದ್ರೆ ಕೊರಿಯಾ! ಅಂದ್ರೆ ಸಮುದ್ರದ ಆಚೆ!"

"ಹಡಗು ಹತ್ತಿದ್ರೆ ಮೂರು ಗಂಟೆ ಅಪ್ಪಾ. ನೀನು ಟೋಕಿಯೋಗೆ ರೈಲಲ್ಲಿ ಹೋದ್ರೆ ಇದಕ್ಕಿಂತ ಜಾಸ್ತಿ ಹೊತ್ತಾಗತ್ತೆ. ಅವನ ಅಪ್ಪ ಅಮ್ಮ ಡಿಸೆಂಬರ್ ಮೊದಲ ಭಾನುವಾರ ನಮ್ಮನೆಗೆ ಬರ್ತಾರೆ. ಅಮ್ಮಂಗೆ ಆಗ್ಲೇ ಗೊತ್ತು. ಅಜ್ಜಿಗೂ ಗೊತ್ತು. ಕೆಳಗಿನ ಮನೆ ಒಗಾತಾ ಆಂಟಿಗೂ ಗೊತ್ತು."

ಒಗಾತಾ ಆಂಟಿಗೂ! ಇಡೀ ಕಟ್ಟಡದಲ್ಲಿ ಗೊತ್ತಿಲ್ಲದವನು ಹೆತ್ತ ತಂದೆ ಒಬ್ಬನೇ! ನಾನು ಹೆಂಡತಿ ಸುಮಿಯೊಳ ಕಡೆ ತಿರುಗಿದೆ. ಅವಳು ಮೂಲಂಗಿ ಉಪ್ಪಿನಕಾಯಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

"ಅವರಪ್ಪ ಇನ್ನೂ ಪೂರ್ತಿ ಒಪ್ಪಿಲ್ಲರೀ" ಎಂದಳು ಮೆಲ್ಲಗೆ. "ಅವರ ಮನೇಲಿ ಹಳೇ ಕಾಲದ ನೋವುಗಳಿವೆ, ನಿಮಗೂ ಗೊತ್ತಲ್ಲ. ನಮ್ಮನ್ನ ನೋಡಿ ಆಮೇಲೆ ಹೇಳ್ತಾರಂತೆ. ಹಡಗಿನ ಕ್ಯಾಪ್ಟನ್ ಆಗಿದ್ದೋರು. ಮಾತು ಕಮ್ಮಿ. ಅವರಮ್ಮಂಗೆ ಮಾತ್ರ ಮೀನಿನ ಮೊಟ್ಟೆ ಅಂದ್ರೆ ಪ್ರಾಣವಂತೆ. ಅದೆಲ್ಲ ಮೊದಲು ಹುಟ್ಟಿದ್ದೇ ಅವರ ಕಡೆ, ಅಲ್ವಾ?"

ಇಷ್ಟು ಸಾಕಾಯಿತು. ಮಗಳ ಮದುವೆ ತೂಗುಯ್ಯಾಲೆಯಲ್ಲಿದೆ, ಹಕಾತಾದ ಮಾನ ಪಣಕ್ಕಿದೆ! ಮೇಜು ಗುದ್ದಿದ್ದು ಆಗಲೇ.

"ರೀ, ಮದುವೆಯಾದಾಗಿಂದ ಒಂದು ಮೊಟ್ಟೆ ಬೇಯಿಸಿದೋರಲ್ಲ ನೀವು. ಈಗ ಲಕ್ಷ ಮೊಟ್ಟೆಗೆ ಕೈ ಹಾಕ್ತೀರಾ?"

"ಇದನ್ನ ಬೇಯಿಸೋ ಹಾಗೇ ಇಲ್ಲ ಕಣೇ! ಹೇಳಿ ಮಾಡಿಸಿದ ಹಾಗಿದೆ ನನಗೆ!"

"ಅಮ್ಮನ ಕೈಲಿ ಮಾಡಿಸೋಣ್ರೀ. ಅಷ್ಟು ವರ್ಷ ಅಂಗಡಿ ನಡೆಸಿದೋಳು."

"ಹುಡುಗಿಯ ಅಪ್ಪ ಯಾರು? ನಿಮ್ಮಮ್ಮನಾ, ನಾನಾ?"

ಆದರೂ ಮಾರನೆಯ ದಿನ ನನ್ನ ಕಾಲು ಸೀದಾ ಅತ್ತೆಯ ಮನೆಗೇ ಹೋಯಿತು. ಅತ್ತೆ ಫುಸಾ ನಮ್ಮ ಬೀದಿಯ ಹಿಂದಿನ ಬೀದಿಯಲ್ಲೇ ಇದ್ದಾರೆ. ಮಾರುಕಟ್ಟೆಯಲ್ಲಿ ಅವರದೊಂದು ಪುಟ್ಟ ಮೆಂತೈಕೊ ಅಂಗಡಿಯಿತ್ತು. ಬೆನ್ನು ಬಾಗಿದ ಮೇಲೆ ಮುಚ್ಚಿದರು. ನಾಲಿಗೆ ಮಾತ್ರ ಇನ್ನೂ ಬಾಗಿಲ್ಲ.

"ಅತ್ತೆ, ವಿದ್ಯೆ ದಾನ ಮಾಡ್ಬೇಕು!"

"ಮೊದಲು ಕೈ ಕೊಡಿ." ನನ್ನ ಅಂಗೈಯನ್ನು ಒತ್ತಿ ನೋಡಿ ತಲೆಯಾಡಿಸಿದರು. "ಬೆಚ್ಚಗಿದೆ ಅಳಿಯಂದ್ರೇ. ಈ ಕೈ ಇಸ್ತ್ರಿ ಪೆಟ್ಟಿಗೆಗೆ ಸರಿ. ಮೊಟ್ಟೆ ಚೀಲಕ್ಕೆ ಬೆಚ್ಚಗಿನ ಕೈ ಆಗಿಬರಲ್ಲ."

"ಐಸ್ ನೀರಲ್ಲಿ ಅದ್ದಿ ತಣ್ಣಗೆ ಮಾಡ್ಕೋತೀನಿ!"

ಅತ್ತೆ ನಿಟ್ಟುಸಿರು ಬಿಟ್ಟು ಹೇಳಿಕೊಟ್ಟರು. ಅವರು ಹುಟ್ಟಿದ್ದು ಬುಸಾನಿನಲ್ಲಿ, ಕೊರಿಯಾವನ್ನು ಜಪಾನ್ ಆಳುತ್ತಿದ್ದ ಕಾಲದಲ್ಲಿ. ಓಣಿಯ ಎದುರುಮನೆಯಲ್ಲಿ ಒಬ್ಬ ಕೊರಿಯಾದ ಅಕ್ಕ ಇದ್ದಳಂತೆ. ಚಳಿಗಾಲ ಬಂತೆಂದರೆ ಜಾಡಿಯ ಪಕ್ಕ ಈ ಹುಡುಗಿಯನ್ನು ಕೂರಿಸಿಕೊಂಡು ಕೈ ಹಿಡಿದು ಕಲಿಸಿದಳಂತೆ. ಯುದ್ಧ ಮುಗಿದು, ಎಲ್ಲ ಬಿಟ್ಟು ಹಡಗು ಹತ್ತಿ ಹಕಾತಾಕ್ಕೆ ಬಂದ ಮೇಲೆ ಅತ್ತೆಯ ತಾಯಿಗೆ ಬೇರೆ ಯಾವುದೂ ನೆನಪಾಗದಿದ್ದರೂ ಆ ರುಚಿ ಮಾತ್ರ ನೆನಪಾಗಿ ಕಣ್ಣೀರು ಬರುತ್ತಿತ್ತಂತೆ. ಮಾಡಿ ನೋಡಿದರು. ಇಲ್ಲಿಯವರು ಮೂಗು ಮುರಿದರು. ಬೆಳ್ಳುಳ್ಳಿ ಕಡಿಮೆ ಮಾಡಿ, ಸಾಕೆ ಎಂಬ ಅಕ್ಕಿಯ ಮದ್ಯ ಸುರಿದು, ಕೊಂಬು ಎಂಬ ಕಡಲಪಾಚಿ ಹಾಕಿ ಇಲ್ಲಿಯ ನಾಲಿಗೆಗೆ ಒಗ್ಗಿಸಿದರು.

"ಹೆಸರಲ್ಲೇ ನೋಡಿ. 'ಮೆಂತೈ' ಅವರ ಮಾತು, ಆ ಮೀನಿನ ಹೆಸರು. 'ಕೊ' ನಮ್ಮ ಮಾತು, ಮಗು ಅಂತ" ಎಂದರು.

ನಾನು ತಲೆಯಾಡಿಸಿದೆ. ಆದರೆ ಕೇಳಿಸಿಕೊಳ್ಳಲಿಲ್ಲ. ಕೊಂಬು ಹಾಕುವ ಮೊದಲೇ ನನಗೆ ಕೊಂಬು ಮೂಡಿತ್ತು!

"ಉಪ್ಪು ಹಾಕಿ, ಸುಮ್ನಿರಿ. ನೀರು ಬಸಿಯೋಕೆ ಬಿಡಿ, ಸುಮ್ನಿರಿ. ಖಾರದಲ್ಲಿ ಮುಳುಗಿಸಿ, ಸುಮ್ನಿರಿ. ಮೆಂತೈಕೊ ಅಂದ್ರೆ ಮುಕ್ಕಾಲು ಪಾಲು ಸುಮ್ನಿರೋದೇ ಅಳಿಯಂದ್ರೇ. ನಿಮ್ಮ ಕೈಲಿ ಆಗದೇ ಇರೋದು ಅದೊಂದೇ."

ನಾನು ಮೀನು ಮಾರುಕಟ್ಟೆಗೆ ಹೋಗಿ ಅತ್ಯುತ್ತಮ ಮೊಟ್ಟೆ ಚೀಲಗಳನ್ನು ತಂದೆ. ಎಳೆಗೂಸಿನ ಕಾಲ್ಚೀಲದಂತೆ ಜೋಡಿ ಜೋಡಿ, ನಸುಗೆಂಪು, ನುಣುಪು. ನೋಡಿದರೆ ಮುದ್ದು ಬರಬೇಕು. ಉಪ್ಪು ಹಾಕಿ ಮುಚ್ಚಿಟ್ಟೆ. ಸುಮ್ಮನಿದ್ದೆ. ಅಂದರೆ ಬಾಯಿ ಸುಮ್ಮನಿತ್ತು. ಕೈ ಮುಚ್ಚಳ ತೆಗೆಯುತ್ತಲೇ ಇತ್ತು.

ಮಾರನೆಯ ದಿನ ಕಚೇರಿಗೆ ರಜೆ ಹಾಕಿದೆ. ಹೆಂಡತಿ, ಮಗಳು ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಮೊದಲು ಮೆಣಸಿನಕಾಯಿ! ಒಣಮೆಣಸಿನಕಾಯಿಯನ್ನು ಚಿಹಾರುವಿನ ಕಾಫಿಬೀಜ ಪುಡಿ ಮಾಡುವ ಯಂತ್ರಕ್ಕೆ ತುಂಬಿದೆ. ಮನೆಯೊಳಗೆ ಘಾಟು ಬೇಡವೆಂಬ ದೂರಾಲೋಚನೆಯಿಂದ ಯಂತ್ರವನ್ನು ಬಾಲ್ಕನಿಗೆ ಒಯ್ದು ಗುಂಡಿ ಒತ್ತಿದೆ. ಯಂತ್ರ ಗರ್ಜಿಸಿತು. ಮುಚ್ಚಳ ಹಾರಿತು. ಅದೇ ಹೊತ್ತಿಗೆ ಕಡಲ ಕಡೆಯಿಂದ ಗಾಳಿ ಬೀಸಿತು!

ಕೆಂಪು ಮೋಡವೊಂದು ಮೇಲೆದ್ದು, ಗಂಭೀರವಾಗಿ ತಿರುಗಿ, ಕೆಳಗಿನ ಮನೆಯ ಬಾಲ್ಕನಿಗೆ ಇಳಿಯಿತು. ನಂತರ ಒಗಾತಾ ಅವರ ಯಜಮಾನರು ಸೀನಿದರು. ಅಂಥ ಸೀನನ್ನು ನಾನು ಕೇಳಿರಲಿಲ್ಲ. ಅವರ ಹಲ್ಲಿನ ಸೆಟ್ಟು ಹೂಕುಂಡಕ್ಕೆ ಹೋಗಿ ಬಿತ್ತೆಂದು ಆಮೇಲೆ ತಿಳಿಯಿತು.

"ಮುನಕತಾ ಸಾನ್! ಏನ್ರೀ ಅದು ಮೇಲಿಂದ ಬೀಳ್ತಿರೋದು?" ಒಗಾತಾ ಆಂಟಿಯ ಕೂಗು.

"ಕ್ಷಮಿಸಿ! ಪರಂಪರೆ! ನಮ್ಮೂರಿನ ಪರಂಪರೆ!"

"ನಿಮ್ಮ ಪರಂಪರೆ ನಮ್ಮ ಬೆಡ್‌ಶೀಟ್ ಮೇಲೆ ಬಿದ್ದಿದೆ! ಈಗಷ್ಟೇ ಒಗೆದು ಹಾಕಿದ್ದೆ!"

ನಾನು ಬಗ್ಗಿ ಬಗ್ಗಿ ಕ್ಷಮೆ ಕೇಳಿ ಒಳಗೆ ಓಡಿದೆ. ಇನ್ನೊಂದು ಕಟ್ಟು ಮೆಣಸಿನಕಾಯಿ ತೆಗೆದೆ. ಗಾಳಿಗೆ ಹೋದದ್ದೆಷ್ಟು ಉಳಿದದ್ದೆಷ್ಟು ಎಂದು ತಿಳಿಯದ್ದರಿಂದ, ಇರಲಿ ಎಂದು ಮೂರು ಪಾಲು ಜಾಸ್ತಿಯೇ ಪುಡಿ ಮಾಡಿದೆ.

ಇನ್ನು ಮೊಟ್ಟೆ ಚೀಲಗಳ ನೀರು ಬಸಿಯಬೇಕು. ಬಿದಿರಿನ ಚಾಪೆಯ ಮೇಲೆ ಹರಡಿ, ತಣ್ಣನೆಯ ಜಾಗದಲ್ಲಿಟ್ಟು, ಸುಮ್ಮನಿರಬೇಕು. ಮತ್ತೆ ಸುಮ್ಮನಿರಬೇಕಂತೆ! ನನ್ನೊಳಗಿನ ವಿಜ್ಞಾನಿ ಎದ್ದು ನಿಂತ. ನೀರು ಆರಿಸುವುದಷ್ಟೇ ತಾನೇ ಕೆಲಸ? ಚಿಹಾರುವಿನ ಹೇರ್ ಡ್ರೈಯರ್ ತಂದೆ. ಗರಿಷ್ಠ ಬಿಸಿಗೆ ತಿರುಗಿಸಿದೆ.

ಮೊದಲು ಚೀಲಗಳು ಹೊಳೆದವು. ನಂತರ ಬಿಗಿದವು. ನಂತರ ತಬಲದ ಚರ್ಮದ ಹಾಗೆ ಸೆಟೆದವು. "ಆಹಾ, ಏನು ಅಂಗಸೌಷ್ಠವ!" ಎಂದು ನಾನು ಹತ್ತಿರ ಬಗ್ಗಿದೆ. ಬಗ್ಗಬಾರದಿತ್ತು. ಟಪ್ ಎಂದಿತು ಒಂದು. ಟಪ್ ಟಪ್ ಎಂದವು ಪಕ್ಕದವು. ಗಾಬರಿಯಲ್ಲಿ ಡ್ರೈಯರ್ ಆರಿಸುವ ಬದಲು ಅದನ್ನೇ ಹಿಡಿದುಕೊಂಡು ಸುತ್ತಲೂ ತಿರುಗಿದೆ. ಆ ಬಿರುಗಾಳಿಗೆ ಸಿಕ್ಕಿ ಲಕ್ಷಾಂತರ ಮೊಟ್ಟೆಗಳು ಗೋಡೆ, ಸೀಲಿಂಗು, ಕ್ಯಾಲೆಂಡರು, ನನ್ನ ಕನ್ನಡಕ, ಎಲ್ಲ ಕಡೆ ವಾಸಸ್ಥಾನ ಹುಡುಕಿಕೊಂಡವು.

ಉಳಿದ ಒಂದೆರಡು ಚೀಲಗಳನ್ನಾದರೂ ಕಾಪಾಡೋಣವೆಂದು ಎತ್ತಿಕೊಂಡೆ. ನನ್ನ ಇಸ್ತ್ರಿ ಪೆಟ್ಟಿಗೆಯಂಥ ಅಂಗೈಯಲ್ಲಿ ಅವೂ ಕಣ್ಣುಮುಚ್ಚಿದವು.

ಸಂಜೆ ಸುಮಿಯೊ ಬಂದು ಬಾಗಿಲಲ್ಲೇ ನಿಂತಳು.

"ರೀ... ಗೋಡೆಗೆ ಏನಾಗಿದೆ? ದಡಾರ ಬಂದಿದೆಯಾ?"

"ಅದು... ಪರೀಕ್ಷೆಗೆ ಮಾಡಿದ್ದು ಕಣೇ. ನಿಜವಾದ್ದು ಜಾಡೀಲಿದೆ! ತೆಗೀಬಾರದು! ಭಾನುವಾರದವರೆಗೂ ಯಾರೂ ಮುಟ್ಟೋ ಹಾಗಿಲ್ಲ!"

ಜಾಡಿಯಲ್ಲಿ ಗಾಳಿಯಿತ್ತು. ಬಾಚಿ ಬಳಿದು ಕೂಡಿಸಿದ ಒಡಕು ಮೊಟ್ಟೆ, ಬಸಿಯದ ಉಪ್ಪುನೀರು, ಮೂರು ಪಾಲು ಖಾರ ಎಲ್ಲ ಸೇರಿದ ಕೆಂಪು ಗೊಜ್ಜು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಫ್ರಿಜ್ಜಿನ ಹಿಂಬದಿಗೆ ಸೇರಿತು. ಅಷ್ಟರಲ್ಲಿ ಒಳಗಿನಿಂದ ಮಗಳು ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಹೂಂ ಜೇಹ್ವಾನ್, ನಮ್ಮಪ್ಪ ತಾನೇ ಕೂತು ಮಾಡ್ತಿದಾರೆ! ನಿಮ್ಮಪ್ಪಂಗೆ ಹೇಳು, ತಪ್ಪದೆ ಹೇಳು!"

ನಾನು ಡಬ್ಬಿಯನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದೆ.

ಭಾನುವಾರ ಬೆಳಿಗ್ಗೆ, ಹೂವು ತರುತ್ತೇನೆಂದು ಸೂಟು ಹಾಕಿಕೊಂಡೇ ಮಾರುಕಟ್ಟೆಗೆ ಧಾವಿಸಿದೆ. ವರ್ಷದ ಕೊನೆಯ ಉಡುಗೊರೆಗಳ ಕಾಲ! ಹೆಸರುವಾಸಿ ಅಂಗಡಿಗಳ ಮುಂದೆ ಹನುಮಂತನ ಬಾಲದಂಥ ಸಾಲು. ಕೊನೆಗೆ ಮೂಲೆಯ ಅಂಗಡಿಯೊಂದರ ಕೊನೆಯ ತಟ್ಟೆಯಲ್ಲಿ ಒಡೆಯದ, ತುಂಬುಗೆನ್ನೆಯ ಮೆಂತೈಕೊ ಕಂಡಿತು. ಎತ್ತಿಕೊಂಡು ಓಡಿದೆ. ಮನೆಗೆ ಬಂದು ಜಾಡಿಯ ಸಮೇತ ಬಚ್ಚಲುಮನೆ ಸೇರಿ ಚಿಲಕ ಹಾಕಿದೆ. ಪ್ಲಾಸ್ಟಿಕ್ ಹಾಳೆ ಹರಿಯುವ ಸದ್ದು ಕೇಳಿಸದಿರಲೆಂದು ನಲ್ಲಿ ತಿರುಗಿಸಿದೆ.

"ರೀ, ಒಳಗೇನ್ ಮಾಡ್ತಿದೀರಿ? ಹೂವೆಲ್ಲಿ?"

"ಗಡ್ಡ! ಗಡ್ಡ ಮಾಡ್ಕೋತಿದೀನಿ!"

"ಬೆಳಿಗ್ಗೆ ಆಗ್ಲೇ ಮಾಡ್ಕೊಂಡ್ರಲ್ಲ?"

"ಎರಡನೇ ಸಲ! ಬೀಗರು ಬರ್ತಿದಾರೆ!"

ಬೀಗರು ಬಂದರು. ಹುಡುಗ ಜೇಹ್ವಾನ್ ಉದ್ದ, ತೆಳು, ಬೆವರುತ್ತಿದ್ದ. ಬೀಗಿತ್ತಿ ಓಕ್‌ಸುನ್ ನಗುಮುಖದವರು. ತಮ್ಮೂರಿನ ಎಳ್ಳೆಣ್ಣೆಯ ಬಾಟಲಿಯನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಬೀಗರು, ಕ್ಯಾಪ್ಟನ್ ಹೊಂಗ್, ಬಾಗಿಲಲ್ಲಿ ನಿಂತು ನಮ್ಮ ಮನೆಯನ್ನು ಅಪರಿಚಿತ ಬಂದರನ್ನು ನೋಡುವಂತೆ ನೋಡಿದರು. ನಮಸ್ಕರಿಸಿದರು. ಕೂತರು. ಅಷ್ಟೇ. ತುಟಿ ಎರಡಾಗಲಿಲ್ಲ.

ಅತ್ತೆ ಫುಸಾ ಹಳೆಯ ನೀಲಿ ಕಿಮೋನೊ ಉಟ್ಟು ಮೂಲೆಯಲ್ಲಿ ಕುಳಿತಿದ್ದರು. ಸುಮಿಯೊ ಅನ್ನ ಬಡಿಸಿ, ಜಾಡಿಯ ಮುಚ್ಚಳ ತೆಗೆದಳು. ಒಳಗೆ ಇಣುಕಿದವಳ ಹುಬ್ಬು ಕೂದಲಿನವರೆಗೂ ಏರಿತು.

"ಅಯ್ಯೋ! ನಿಜವಾಗ್ಲೂ ಮಾಡಿದೀರಲ್ರೀ!"

ಒಂದು ತುಂಡು ಬಾಯಿಗಿಟ್ಟ ಬೀಗಿತ್ತಿ ಕಣ್ಣು ಮುಚ್ಚಿದರು. ಕೊರಿಯನ್ ಭಾಷೆಯಲ್ಲಿ ಏನೋ ಹೇಳಿದರು. ಜೇಹ್ವಾನ್ ಅನುವಾದಿಸಿದ.

"ಅಮ್ಮ ಹೇಳ್ತಿದಾರೆ, ಒಂದು ಚೀಲವೂ ಒಡೆದಿಲ್ಲ, ಎಂಥ ನಾಜೂಕು ಕೈ ಇವರದು ಅಂತ."

ಅತ್ತೆ ನಿಧಾನವಾಗಿ ಅಗಿದರು. ನನ್ನನ್ನು ನೋಡಿದರು. ಮತ್ತೆ ಅಗಿದರು. "ಪರವಾಗಿಲ್ಲವೇ. ಅಳಿಯಂದ್ರ ಕೈ ಇಷ್ಟು ಬೇಗ ತಣ್ಣಗಾಯ್ತಾ!" ಎಂದರು.

ನಾನು ವಿನಯದ ಪರಾಕಾಷ್ಠೆಗೆ ಏರಿದೆ. "ಎಲ್ಲ ಹಿರಿಯರ ಆಶೀರ್ವಾದ! ಹಗಲಿರುಳು ಪಟ್ಟ ಶ್ರಮ!" ಎನ್ನುತ್ತ ಎರಡೂ ಅಂಗೈಗಳನ್ನು ಚಾಪೆಗೆ ಊರಿ, ಹಣೆ ನೆಲಕ್ಕೆ ತಾಗುವಂತೆ ದೀರ್ಘವಾಗಿ ಬಾಗಿದೆ.

ಹೊಗಳಿಕೆ ಬರಲೆಂದು ಸ್ವಲ್ಪ ಹೊತ್ತು ಹಾಗೆಯೇ ಇದ್ದೆ. ತಲೆಯೆತ್ತಿದೆ. ಎಲ್ಲರ ಕಣ್ಣೂ ನನ್ನ ಬಲ ಮೊಣಕೈಯ ಮೇಲಿತ್ತು. ಕ್ಯಾಪ್ಟನ್ ಹೊಂಗ್ ಮೆಲ್ಲಗೆ ಬೆರಳು ತೋರಿಸಿ ಮಗನನ್ನು ಏನೋ ಕೇಳಿದರು. ಜೇಹ್ವಾನ್ ನನ್ನನ್ನು ನೋಡಿದ, ಚಿಹಾರುವನ್ನು ನೋಡಿದ, ಸೀಲಿಂಗನ್ನು ನೋಡಿದ. ಹೆತ್ತ ತಂದೆಗೆ ಸುಳ್ಳು ಹೇಳಲಾಗದ ಒಳ್ಳೆಯ ಹುಡುಗ. ಅನುವಾದಿಸಿಬಿಟ್ಟ. ಬೀಗಿತ್ತಿಯ ಬಾಯಿ ತೆರೆದುಕೊಂಡಿತು. ಮುಚ್ಚಲಿಲ್ಲ.

"ಏನಾಯ್ತೇ?" ಎಂದೆ.

ಚಿಹಾರು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು. "ಅಪ್ಪಾ... ನಿನ್ನ ಮೊಣಕೈ ಮೇಲೆ ಒಂದು ಸ್ಟಿಕರ್ ಇದೆ. 'ಮೆಂತೈಕೊ, ಅರ್ಧ ಬೆಲೆ, ಇಂದೇ ತಿನ್ನಿ' ಅಂತ."

"ಅರ್ಧ ಬೆಲೆಗೂ ಯಾರು ತಗೋತಾರೆ ಇವರನ್ನ!" ಎಂದಳು ಸುಮಿಯೊ. ಅವಳ ಮುಖ ಬಿಳುಚಿತ್ತು.

ನಾನು ಸ್ಟಿಕರ್ ಕೀಳಲು ಹೋದೆ. ಅದು ಬೆರಳಿಗೆ ಅಂಟಿತು. ಈ ಬೆರಳಿನಿಂದ ಕಿತ್ತರೆ ಆ ಬೆರಳಿಗೆ. ಕೊನೆಗೆ ಹಾಗೆಯೇ ಅಂಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಎಲ್ಲವನ್ನೂ ಒಪ್ಪಿಕೊಂಡೆ. ಕೆಂಪು ಮೋಡ, ಹೇರ್ ಡ್ರೈಯರ್, ಬಚ್ಚಲುಮನೆ. ಜೇಹ್ವಾನ್ ಒಂದೊಂದನ್ನೂ ಅನುವಾದಿಸಿದ. "ನನ್ನ ಹೇರ್ ಡ್ರೈಯರ್!" ಎಂದು ಚಿಹಾರು ನಡುವೆ ಒಮ್ಮೆ ಚೀರಿದಳು. ನನ್ನ ಮಗಳ ಮದುವೆ ನನ್ನ ಕಣ್ಣೆದುರೇ ಹಡಗು ಹತ್ತಿ ವಾಪಸು ಹೋಗುತ್ತಿತ್ತು.

ಆಗ ಕ್ಯಾಪ್ಟನ್ ಹೊಂಗ್ ಮಾತಾಡಿದರು. ಧ್ವನಿ ಹಡಗಿನ ಕೂಗಿನಷ್ಟೇ ದಪ್ಪ.

"ಅಪ್ಪ ಕೇಳ್ತಿದಾರೆ" ಎಂದ ಜೇಹ್ವಾನ್, "ನೀವು ಮಾಡಿದ್ದು ಎಲ್ಲಿ ಅಂತ. ಅಂಗಡಿ ಸರಕು ತಿನ್ನೋಕೆ ಸಮುದ್ರ ದಾಟಿ ಬರಲಿಲ್ಲವಂತೆ."

"ಬೇಡ, ಅದು ಮನುಷ್ಯರು ತಿನ್ನೋದಲ್ಲ!"

"ತಗೊಂಡು ಬನ್ನಿ ಅಂತಿದಾರೆ, ಮಾವ."

ಮಾವ! ಆ ಪರಿಸ್ಥಿತಿಯಲ್ಲೂ ಆ ಪದ ಕೇಳಿ ನಾನು ಸೂಟಿನ ಗುಂಡಿ ಸರಿಮಾಡಿಕೊಂಡೆ. ಫ್ರಿಜ್ಜಿನ ಹಿಂಬದಿಯಿಂದ ಡಬ್ಬಿ ತಂದು ಸ್ಟಿಕರ್ ಅಂಟಿದ ಕೈಯಿಂದಲೇ ಮುಚ್ಚಳ ತೆಗೆದೆ. ಜ್ವಾಲಾಮುಖಿಯ ಒಳಭಾಗ ಹಾಗೆಯೇ ಇರುತ್ತದೆಂದು ಕಾಣುತ್ತದೆ. ಅತ್ತೆ ಇಣುಕಿ, "ಅಯ್ಯಯ್ಯೋ, ಚೂರು..." ಎನ್ನುವಷ್ಟರಲ್ಲಿ ಕ್ಯಾಪ್ಟನ್ ದೊಡ್ಡ ಚಮಚದ ತುಂಬ ಎತ್ತಿ ಬಾಯಿಗೆ ಹಾಕಿಕೊಂಡರು!

ಮೊದಲು ಏನೂ ಆಗಲಿಲ್ಲ. ಆಮೇಲೆ ಅವರ ಕಿವಿ ಕೆಂಪಾಯಿತು. ಕತ್ತು ಕೆಂಪಾಯಿತು. ಕಣ್ಣುಗಳು ಹೊರಬಂದವು. ಸಪ್ತಸಾಗರಗಳ ಬಿರುಗಾಳಿಗೆ ಬಗ್ಗದ ಮನುಷ್ಯ ಗಂಟಲು ಹಿಡಿದುಕೊಂಡು ನೀರಿನ ಲೋಟಕ್ಕೆ ತಡಕಾಡಿದರು. ಬೀಗನನ್ನು ಕೊಂದೆ! ಪತ್ರಿಕೆಯಲ್ಲಿ ಬರುತ್ತದೆ! ಫೋಟೋ ಸಮೇತ!

ಅಷ್ಟರಲ್ಲಿ ಮೂಲೆಯಿಂದ ಒಂದು ಗುಡುಗು ಬಂತು. ಅತ್ತೆ! ಬಾಗಿದ ಬೆನ್ನನ್ನು ನೆಟ್ಟಗೆ ಮಾಡಿ, ಲೋಟವನ್ನು ಕಿತ್ತುಕೊಂಡು, ಅನ್ನದ ಬಟ್ಟಲನ್ನು ಅವರ ಕೈಗೆ ತುರುಕಿ, ಏನನ್ನೋ ಕೂಗಿ ಹೇಳಿದರು. ಒಂದು ಅಕ್ಷರವೂ ನನಗೆ ಅರ್ಥವಾಗಲಿಲ್ಲ. ಕ್ಯಾಪ್ಟನ್ನಿಗೆ ಅರ್ಥವಾಯಿತು. ಶಾಲೆಯ ಹುಡುಗನಂತೆ ಗಬಗಬನೆ ಅನ್ನ ತಿಂದರು.

ಜೇಹ್ವಾನ್ ಕಲ್ಲಾಗಿ ನಿಂತಿದ್ದ. "ನೀರು ಕುಡೀಬೇಡ್ವೋ ಪೆದ್ದೇ, ಅನ್ನ ತಿನ್ನು ಅಂದ್ರು" ಎಂದ ಪಿಸುಗುಟ್ಟುತ್ತ. "ಅಪ್ಪಟ ಬುಸಾನ್ ಮಾತು. ನಮ್ಮಜ್ಜಿ ಬೈತಿದ್ರಲ್ಲ, ಥೇಟ್ ಹಾಗೇ."

ಸುಮಿಯೊ ತನ್ನ ತಾಯಿಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು. "ಅಮ್ಮಾ... ನಿಂಗೆ ಕೊರಿಯನ್ ಬರತ್ತಾ? ನಾನು ಹುಟ್ಟಿದಾಗಿಂದ ಒಂದು ದಿನ ಆಡಿದ್ದು ಕೇಳಿಲ್ಲ!"

"ಯಾರ ಜೊತೆ ಆಡ್ಲಿ? ನಿನ್ನ ಗಂಡನ ಜೊತೆಯಾ? ಅವರಿಗೆ ನಮ್ಮ ಭಾಷೇಲಿ ಹೇಳಿದ್ದೇ ತಲೆಗೆ ಹೋಗಲ್ಲ." ಅತ್ತೆ ತಮ್ಮ ಕೈಯನ್ನೇ ನೋಡಿಕೊಂಡರು. "ಎದುರುಮನೆ ಅಕ್ಕನ ಮಾತು ಇದು. ನಂಗೆ ಖಾರ ನೆತ್ತಿಗೇರಿದಾಗ ಹೀಗೇ ಬೈತಿದ್ಲು. ಹಡಗು ಹತ್ತೋ ದಿನ ಅವಳಿಗೆ ಹೇಳಿಬರೋಕೂ ಆಗ್ಲಿಲ್ಲ. ಮರೆತೇಹೋಗಿದೆ ಅಂದ್ಕೊಂಡಿದ್ದೆ."

ಜೇಹ್ವಾನ್ ಅದನ್ನೂ ಮೆಲ್ಲಗೆ ಅನುವಾದಿಸಿದ. ಬೀಗಿತ್ತಿ ಓಕ್‌ಸುನ್ ಎದ್ದು ಬಂದು ಅತ್ತೆಯ ಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತರು. ರೇಷ್ಮೆ ಬಟ್ಟೆ ಬಿಚ್ಚಿ ಎಳ್ಳೆಣ್ಣೆಯ ಬಾಟಲಿ ಕೈಗಿತ್ತರು. ಅತ್ತೆ ನನ್ನ ಜ್ವಾಲಾಮುಖಿಯಿಂದ ಒಂದು ಚಿಟಿಕೆ ತೆಗೆದು, ಬೆಟ್ಟದಷ್ಟು ಅನ್ನಕ್ಕೆ ಬೆರೆಸಿ, ಎಳ್ಳೆಣ್ಣೆ ಸುರಿದು, ಈರುಳ್ಳಿ ಸೊಪ್ಪು ಹೆಚ್ಚಿ ಹಾಕಿ ಕಲಸಿದರು. ಇಬ್ಬರು ಹೆಂಗಸರೂ ಕಲಸುತ್ತಲೇ ಬುಸಾನ್ ಭಾಷೆಯಲ್ಲಿ ಮಾತಿಗಿಳಿದರು. ಅತ್ತೆಗೆ ಪದ ಸಿಗದಿದ್ದಾಗ ಬೀಗಿತ್ತಿ ಎತ್ತಿಕೊಡುತ್ತಿದ್ದರು. ನಡುನಡುವೆ ನನ್ನ ಕಡೆ ನೋಡಿ ಇಬ್ಬರೂ ನಗುತ್ತಿದ್ದರು. ಏನೆಂದು ಅನುವಾದಿಸಲು ಜೇಹ್ವಾನ್ ಖಡಾಖಂಡಿತವಾಗಿ ನಿರಾಕರಿಸಿದ.

ಎಲ್ಲರೂ ತಿಂದೆವು. ಎಲ್ಲರ ಮೂಗಲ್ಲೂ ನೀರು. ಆದರೂ ಬಟ್ಟಲು ಖಾಲಿಯಾಯಿತು!

ಕೊನೆಗೆ ಕ್ಯಾಪ್ಟನ್ ಹೊಂಗ್ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಎರಡನೆಯ ಸಲ ಬಾಯಿ ತೆರೆದರು. ಚಿಹಾರು ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದುಕೊಂಡಳು.

"ಅಪ್ಪ ಮದುವೆಗೆ ಒಪ್ಪಿದಾರೆ!" ಜೇಹ್ವಾನನ ಧ್ವನಿ ಒಡೆಯಿತು. "ಆದರೆ... ಒಂದೇ ಒಂದು ಷರತ್ತು ಅಂತೆ."

"ಏನಾದ್ರೂ ಸರಿ! ಹೇಳಪ್ಪಾ!" ಎಂದೆ, ಎದೆಯುಬ್ಬಿಸಿ.

"ಮದುವೆ ಊಟದ ಅಡುಗೆಮನೆ ಹತ್ತಿರಕ್ಕೆ ಹುಡುಗಿಯ ಅಪ್ಪ ಸುಳೀಬಾರದಂತೆ."

ಪ್ರತಿಭಟಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಸುಮಿಯೊ ನೆಲಕ್ಕೆ ಬಾಗಿ ಒಪ್ಪಿಗೆ ಕೊಟ್ಟಾಗಿತ್ತು. ಚಿಹಾರು ಕೈಯೆತ್ತಿದ್ದಳು. ನಮ್ಮತ್ತೆ ಮಾತ್ರ ಸ್ವಲ್ಪ ಹೊತ್ತು ಗಂಭೀರವಾಗಿ ಯೋಚಿಸಿ, ಎರಡೂ ಭಾಷೆಗಳಲ್ಲಿ ಅನುಮೋದಿಸಿದರು.